ಟೆಲಿವಿಷನ್ನಿನೊಳಗೆ ಒಂದೊತ್ತಿನ ಊಟ

ಇಂದಿನ ಸಭೆಯ ಅಧ್ಯಕ್ಷರೂ, ಊರಿನ ಕೊಬ್ಬರಿ ವ್ಯಾಪಾರಿಗಳೂ, ನಮ್ಮ ಟೆಲಿವಿಷನ್ನಿಗೆ ಬೇಕಾದ ಮರದ ಪೆಟ್ಟಿಗೆಯನ್ನು ತಮಗೇ ತಿಳಿಯದಂತೆ ದಾನ ಮಾಡಿದ ಮಹನೀಯರೂ ಆದ ದೊಡ್ಡಯ್ಯನವರೇ, ಹೊಳೆನರಸೀಪುರದಿಂದ ದಯಮಾಡಿಸಿರುವ ಕಥೆಗಾರರೂ ಲೆಕ್ಕದ ಮೇಷ್ಟ್ರೂ ಆದ ಪರಮಶಿವಯ್ಯನವರೇ, ಮುಂದಿನ ಸಾಲಿನ ತಾಯಂದಿರೇ, ಹಿಂದಿನ ಸಾಲಿನಲ್ಲಿ ಸೀಟಿ ಹೊಡೆಯಲು ಸಜ್ಜಾಗಿ ಕುಳಿತಿರುವ ಸಭಿಕ ಮಹಾಶಯರೇ,

ಚನ್ನರಾಯಪಟ್ಟಣದಲ್ಲಿ ಯಾರಾದರೂ ಟೆಲಿವಿಷನ್ ನೋಡಿದ್ದೀರಾ? ಇಲ್ಲ. ಹಾಸನದಲ್ಲಿ? ಇಲ್ಲ. ಅರಕಲಗೂಡಿನವರು ಕೈ ಎತ್ತಬೇಡಿ, ನಾವು ನಂಬುವುದಿಲ್ಲ. ಈ ಅರವತ್ತಾರನೇ ಇಸವಿಯಲ್ಲಿ, ನಮಗೆ ತಿಳಿದಂತೆ, ಅದನ್ನು ಕಣ್ಣಾರೆ ಕಂಡವನು ನಮ್ಮ ನಾಟಕ ಮಂಡಳಿಯ ದೇವರಾಜು ಒಬ್ಬನೇ. ದೆಹಲಿಯ ಯಾವುದೋ ವಸ್ತುಪ್ರದರ್ಶನದಲ್ಲಿ, ಜನರ ತಲೆಗಳ ಸಂದಿಯಿಂದ, ಎರಡು ನಿಮಿಷ. ಆ ಎರಡು ನಿಮಿಷವನ್ನು ನಂಬಿ ನಾವು ಎರಡು ತಿಂಗಳು ಗರಗಸ ಹಿಡಿದಿದ್ದೇವೆ.

"ಒಂದು ಪೆಟ್ಗೆ ಕಣ್ಲಾ ಪಾಲಾಕ್ಷ. ಒಳಗಡೆ ಮನ್ಸರು. ಎದೆಗಂಟ ಮಾತ್ರ ಕಾಣ್ತಾರೆ. ನಾವು ಅವರ್ನ ನೋಡ್ತೀವಿ, ಅವರು ನಮ್ಮುನ್ನ ನೋಡಲ್ಲ" ಎಂದ ದೇವರಾಜು. ನಮಗೆ ಲಭ್ಯವಾದ ವಿಜ್ಞಾನ ಇಷ್ಟೇ. ಆದಕಾರಣ ಪಾತ್ರಧಾರಿಗಳು ಎದೆಯವರೆಗೆ ವೇಷದಲ್ಲಿದ್ದಾರೆ, ಅಲ್ಲಿಂದ ಕೆಳಗೆ ಚಡ್ಡಿಯಲ್ಲಿದ್ದಾರೆ. ದಯವಿಟ್ಟು ಯಾರೂ ಎದ್ದು ಇಣುಕಬಾರದು.

ಇನ್ನು ಕಥೆ. ಪರಮಶಿವಯ್ಯ ಮೇಷ್ಟ್ರ 'ಹಿಂದಕ್ಕೆ ಹೋದ ಬಸ್ಸು' ಎಂಬ ಕಿರುಕಾದಂಬರಿಯಲ್ಲಿ ಹುಡುಗನೊಬ್ಬ ನಮ್ಮ ಬಸ್ ಸ್ಟ್ಯಾಂಡಿನಲ್ಲೇ ಬಸ್ಸು ಹತ್ತುತ್ತಾನೆ. ಅದು ಹಾಸನ ಮುಟ್ಟುವ ಬದಲು ಇಪ್ಪತ್ತಮೂರು ವರ್ಷ ಹಿಂದಕ್ಕೆ ಹೋಗಿ, ಯುದ್ಧಕಾಲದ ಬರ್ಮಾದ ಕಾಡಿನಲ್ಲಿ ನಿಲ್ಲುತ್ತದೆ. ಅಲ್ಲಿ ಮುರಿದ ಸೇತುವೆಯ ಆಚೆ ಲಾರಿಯೊಂದಿಗೆ ಸಿಕ್ಕಿಕೊಂಡಿರುವ ಮಿಲಿಟರಿ ಡ್ರೈವರೇ ಅವನ ಅಪ್ಪ. ಆದರೆ ಇಲ್ಲಿ ಹತ್ತಿದವರಿಗೆ ಮಾತ್ರ ವಾಪಸು ಟಿಕೆಟು. ಅಪ್ಪ ಅಲ್ಲೇ ಉಳಿಯುತ್ತಾನೆ.

ಇದನ್ನು ಪೆಟ್ಟಿಗೆಗೆ ನಾಟಕವಾಗಿ ಬರೆಯುವ ಹೊಣೆ ನನ್ನದು. ನಾನೇನು ಮಾಡಿದೆ? ಅಪ್ಪನನ್ನು ಬಸ್ಸಿನ ಟಾಪಿನ ಮೇಲೆ ಹತ್ತಿಸಿ ಚನ್ನರಾಯಪಟ್ಟಣಕ್ಕೆ ಕರೆತಂದು, ಬ್ಯಾಂಡ್ ಸೆಟ್ಟಿನೊಂದಿಗೆ ಮೆರವಣಿಗೆ ಮಾಡಿಸಿದೆ. ಟೆಲಿವಿಷನ್ ಎಂದ ಮೇಲೆ ಸ್ವಲ್ಪ ವೈಭವ ಬೇಡವೇ?

ಮೇಷ್ಟ್ರು ಓದಿದರು. ಕನ್ನಡಕ ತೆಗೆದರು. "ಲೆಕ್ಕದಲ್ಲಿ ನಿನಗೆ ಇಷ್ಟ ಬಂದ ಉತ್ತರ ಬರೆಯೋಕಾಗಲ್ಲ ಕಣಪ್ಪ. ಆ ಅಪ್ಪ ಬಂದರೆ ನನ್ನ ಹೆಸರು ತೆಗೆದುಬಿಡು" ಎಂದರು. ನಾನು "ಅಪ್ಪ ಬರದಿದ್ದರೆ ಪೆಟ್ಟಿಗೆಯನ್ನೇ ಸೌದೆ ಮಾಡ್ತೀನಿ ಸಾ" ಎಂದೆ. ಮೂರು ವಾರ ಮಾತಿಲ್ಲ, ಕಥೆಯಿಲ್ಲ.

ಇಷ್ಟು ಹಟ ಏತಕ್ಕೆ ಎಂದು ತಾವು ಕೇಳಬಹುದು. ಏತಕ್ಕೂ ಇಲ್ಲ. ನಮ್ಮ ತಂದೆಯವರೂ ಮಿಲಿಟರಿ ಲಾರಿ ಓಡಿಸಲು ಬರ್ಮಾಕ್ಕೆ ಹೋದವರು. ನಾನು ಆಗಿನ್ನೂ ಹುಟ್ಟಿರಲಿಲ್ಲ. 'ಪತ್ತೆಯಾಗಿಲ್ಲ' ಎಂದು ಸರ್ಕಾರದ ಕಾಗದ ಬಂತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊನೆಗೆ ಮೇಷ್ಟ್ರೇ ನಮ್ಮ ಮನೆಗೆ ಬಂದು, ಅವರೇಕಾಯಿ ಸುಲಿಯುತ್ತಿದ್ದ ನಮ್ಮಮ್ಮ ಬಸವಲಿಂಗಮ್ಮನ ಮುಂದೆ ತಕರಾರು ಇಟ್ಟರು. ಅಮ್ಮ ಕೈ ನಿಲ್ಲಿಸದೆ ಕೇಳಿದಳು.

"ಮೇಷ್ಟ್ರು ಬರ್ದಿದ್ದು ಅಂಗೇ ಇರ್ಲಿ ಕಣ್ಲಾ. ಬರಂಗಿದ್ರೆ ಅವರು ನಿನ್ನ ಬಸ್ಸಿಗೆ ಕಾಯ್ತಿದ್ರಾ? ನಡ್ಕೊಂಡೇ ಬಂದ್ಬುಡೋರು."

ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

"ಆದ್ರೆ ಮೇಷ್ಟ್ರೇ, ಅವರು ಬರ್ಮಾಕ್ಕೆ ಹೊಂಟ ದಿನ ಮೊದಲ್ನೇ ಬಸ್ಸು ಅಂತ ತಟ್ಟೇಲಿ ಮುದ್ದೆ ಬುಟ್ಟು ಎದ್ದೋದ್ರು. ನಿಮ್ಮ ಕತೇಲಿ ಒಂದೊತ್ತು ಊಟ ಆಕ್ಸಿ."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ತಾವೇ ಬರೆದರು: 'ಕಂಡಕ್ಟರು ಬಸ್ಸನ್ನು ಅರ್ಧ ಗಂಟೆ ನಿಲ್ಲಿಸಿದನು.' ಸಭಿಕರೇ, ನಮ್ಮ ಜಿಲ್ಲೆಯ ಪ್ರಯಾಣಿಕರು ಕಾಲದಲ್ಲಿ ಹಿಂದಕ್ಕೆ ಹೋಗುವುದನ್ನು ನಂಬಿಯಾರು, ಈ ಕಂಡಕ್ಟರನ್ನು ನಂಬುವುದು ಕಷ್ಟ.

ಅಪ್ಪನ ಪಾತ್ರ ಮೊದಲು ನಮ್ಮ ಕೆಂಚಯ್ಯನದಾಗಿತ್ತು. ಅಮ್ಮ ಟ್ರಂಕಿನಿಂದ ಒಂದು ಖಾಕಿ ಅಂಗಿ ತೆಗೆದುಕೊಟ್ಟಳು. ಕೆಂಚಯ್ಯನ ಶರೀರಸಂಪತ್ತು ತಮಗೆಲ್ಲ ಗೊತ್ತು. ಒಂದು ತೋಳು ತೂರಿಸುವಷ್ಟರಲ್ಲಿ ಹೊಲಿಗೆ ಚರ್ರೆಂದಿತು. "ಬುಡಪ್ಪ, ಬುಡು! ನೀನೇ ಇಕ್ಕೊಂಡು ನೋಡ್ಲಾ" ಎಂದಳು ಅಮ್ಮ ನನಗೆ. ಅಧ್ಯಕ್ಷರು ಆಗಿನಿಂದ ನನ್ನ ಮುಖ ಬಿಟ್ಟು ಅಂಗಿಯನ್ನೇ ನೋಡುತ್ತಿದ್ದಾರೆ. ಅವರಿಗೆ ಅದರ ಹಳೆಯ ಯಜಮಾನರ ಪರಿಚಯವಿತ್ತು. ಹೌದು ಸ್ವಾಮಿ, ಅದೇ ಅಂಗಿ. ತೋಳು ಸರಿಯಾಗಿ ಮಣಿಕಟ್ಟಿಗೇ ಬಂದಿದೆ.

ಹೊರಡುವ ಮುಂಚೆ ಅಮ್ಮ ಒಂದೇ ಪ್ರಶ್ನೆ ಕೇಳಿದಳು: "ಪೆಟ್ಗೆ ಒಳಗಿರೋರಿಗೆ ನಾವು ಕಾಣಕಿಲ್ಲ, ಅಲ್ವಾ?"

ಇಲ್ಲ ಎಂದೆ.

"ಅಂಗಾರೆ ಸರಿ. ನಾನು ಎದುರ್ಗೆ ಕುಂತ್ರೆ ಅವರು ನಾಚ್ಕೊಂಡು ಅರ್ಧ ಊಟಕ್ಕೇ ಏಳೋರು."

ವಂದನೆಗಳು ಬಾಕಿಯಿವೆ. ಪೆಟ್ಟಿಗೆ ವಾಪಸು ಕೇಳದ ದೊಡ್ಡಯ್ಯನವರಿಗೆ, ಉತ್ತರ ಬದಲಿಸದೆ ಬಸ್ಸು ನಿಲ್ಲಿಸಿದ ಮೇಷ್ಟ್ರಿಗೆ, ತಮಗೆಲ್ಲರಿಗೆ. ಇನ್ನೂ ಹೇಳುತ್ತಿದ್ದೆ, ಆದರೆ ಒಳಗೆ ತಟ್ಟೆಯಲ್ಲಿ ನಿಜವಾದ ಮುದ್ದೆಯಿದೆ, ಅವರೇಕಾಳು ಸಾರಿದೆ. ಆರುತ್ತಿದೆ. ನನಗೆ ಹಸಿವೂ ಆಗಿದೆ.

ಒಳಗೆ ಕುಳಿತ ಮೇಲೆ ನನಗೆ ಹೊರಗಿನವರು ಯಾರೂ ಕಾಣುವುದಿಲ್ಲ. ಅದು ಟೆಲಿವಿಷನ್ನಿನ ನಿಯಮ. ಮುಂದಿನ ಸಾಲಿನವರು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ತಟ್ಟೆ ಖಾಲಿಯಾಗುವ ತನಕ ಯಾರೂ ಏಳುವುದಿಲ್ಲ.

ನಮಸ್ಕಾರ.