ಹೊಟ್ಟೆ ಸೇರಿದ ಬಿತ್ತನೆ ಬೀಜ

ಆ ಬೆಳಿಗ್ಗೆ ಆಫ್ರಿಕಾದ ಮಲಾವಿಯ ಒಂದು ಹಳ್ಳಿಯಲ್ಲಿ ಮೊದಲ ಮಳೆ ಸುರಿದು ನೆಲ ಹದವಾಗಿ ಘಮಗುಡುತ್ತಿತ್ತು. ಹಿಟ್ಟಿನ ಗಿರಣಿಯ ಸಾಲಿನಲ್ಲಿದ್ದ ಊರ ಯಜಮಾನಿ ನಸಿಬೆಕೊ ಅಜ್ಜಿಗೆ ಬೆನ್ನ ಹಿಂದೆ ಮಾತು ಕೇಳಿಸಿತು. ಒಬ್ಬರು ಶಾಲೆಯ ಕಚಿಂಗ್ವೆ ಮೇಷ್ಟ್ರು, ಇನ್ನೊಬ್ಬಳು ಅಲ್ಲಿ ಮಕ್ಕಳಿಗೆ ಗಂಜಿ ಬೇಯಿಸುವ ಎಸ್ನಾತಿ.

"ಎಸ್ನಾತಮ್ಮ, ಮಕ್ಕಳೆಲ್ಲ ಶಾಲೆ ಹೊಲದಲ್ಲಿ ನಿಂತಿದಾರೆ. ಕಡ್ಲೆಕಾಯಿ ಬೀಜ ಕೊಡಿ, ಬಿತ್ತಬೇಕು."

"ಬೀಜ ಅವ್ರ ಹೊಟ್ಟೇಲೇ ಐತೆ, ಮೇಷ್ಟ್ರೇ."

"ತಮಾಷೆ ಬೇಡಮ್ಮ."

"ಬೇರೇನೂ ಉಳೀದಿದ್ದಾಗ ಗಂಜಿಗೆ ಏನು ಕುಟ್ಟಿ ಹಾಕ್ತಿದ್ದೆ ಅಂದ್ಕೊಂಡ್ರಿ?"

"ಅಯ್ಯೋ, ಆ ಗಂಜಿ ನಾನೂ ಕುಡಿದ್ನಲ್ಲ!"

"ರುಚಿಯಾಗೈತೆ ಅಂತ ಇನ್ನೊಂದು ಬಟ್ಟಲು ಕೇಳಿದ್ರಿ."

"ಬೆಳೆ ಬಂದಿದ್ರೆ ವರ್ಷವೆಲ್ಲ ಮಕ್ಕಳು ಉಣ್ತಿದ್ರು."

"ಹಸಿದು ಬೆಂಚಿಂದ ಉರುಳಿದ ಮಗೂಗೆ, ಬೆಳೆ ಬರೋಗಂಟ ತಡ್ಕೋ ಅನ್ಲಾ?"

ಮೇಷ್ಟ್ರು ಕೈಲಿದ್ದ ಗುದ್ದಲಿಯನ್ನು ನೆಲಕ್ಕೂರಿದ ಸದ್ದಾಯಿತು.

"ಮೊದಲ ಮಳೆಗೆ ಬಿತ್ತದಿದ್ರೆ ಶಾಲೆಗೆ ಊರು ಕೊಟ್ಟ ನೆಲ ಊರಿಗೇ ವಾಪಸ್ಸು. ಹಿರಿಯರ ಕಟ್ಟಳೆ ಗೊತ್ತಲ್ಲ?"

"ಗೊತ್ತು. ದೇವ್ರು ಒಂದು ವಾರ ಮುಂಚೆ ಮಳೆ ಕೊಡಬಾರದಿತ್ತಾ?"

ಆ ಕಟ್ಟಳೆ ಮುರಿಯಲು ಅಜ್ಜಿಗೂ ಅಧಿಕಾರವಿರಲಿಲ್ಲ. ಮೇಷ್ಟ್ರು ಮುಂದೆ ಬಂದು ಮಂಡಿಯೂರಿ, ಶಾಲೆಗೆ ನೆಲದ ಜೊತೆಗೆ ಆಕೆಯೇ ಕೊಟ್ಟಿದ್ದ ಆ ಗುದ್ದಲಿಯನ್ನು, ನೆಲ ಮರಳಿಸಿದ ಗುರುತಾಗಿ ಅಜ್ಜಿಯ ಕೈಗಿಟ್ಟು, ಎಸ್ನಾತಿಯ ಜೊತೆ ಶಾಲೆಯ ಕಡೆ ನಡೆದರು.