ತೋಳಿಗೆ ಕಟ್ಟಿದ ಕಿವಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮೂರ ಮಹಿಳಾ ಹಾಲು ಸಂಘದ ಉಪಾಧ್ಯಕ್ಷೆ ಅಂಜಮ್ಮನವರೇ, ಬೆಂಗಳೂರಿನಿಂದ ಬಂದಿರುವ ಡಾಕ್ಟರ್ ಸೌಪರ್ಣಿಕಾ ಅವರೇ, ಸನ್ಮಾನಿತರೂ ಸಂಘದ ಅಧ್ಯಕ್ಷರೂ ಮನೆಯಲ್ಲಿ ನನ್ನ ಹೆಂಡತಿಯೂ ಆದ ವೆಂಕಟರತ್ನಮ್ಮನವರೇ, ಟೇಕಲ್‌ನಿಂದ ಬಂದು ಮುಂದಿನ ಸಾಲು ಹಿಡಿದಿರುವ ಅವರ ತವರಿನವರೇ, ಸಭಿಕರೇ,

ನಿನ್ನೆ ಸಂಜೆ ಡೈರಿಯಲ್ಲಿ ಕ್ಯಾನುಗಳು ಉರುಳುತ್ತಿದ್ದವು, ಹಾಲು ತಣಿಸುವ ಕೂಲರ್ ಓಡುತ್ತಿತ್ತು, ಹೆಂಗಸರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಅದರ ನಡುವೆಯೂ ಯಾರು ಏನಂದರೆಂದು ವೆಂಕಟರತ್ನಮ್ಮನವರು ಸರಿಯಾಗಿ ಹೇಳಿದರು. ಇದನ್ನು ಪ್ರಕಟಿಸಿದವರು ಡಾಕ್ಟರು. ಈ ಎಲ್ಲಪ್ಪ ಹೇಳಿದ್ದರೆ ನೀವು ನಂಬುತ್ತಿರಲಿಲ್ಲ.

ಮೆದುಳು ಜ್ವರದಲ್ಲಿ ಇವರ ಕಿವಿ ಹೋಗಿತ್ತು. ಕಳೆದ ವರ್ಷ, ಎರಡು ಸಾವಿರದ ಎಂಟರಲ್ಲಿ, ಆಪರೇಷನ್ ಮಾಡಿ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರ ಇಟ್ಟರು. ಮನೆಯಲ್ಲಿ ನಾನು ಗೊಣಗಿದ್ದೂ ಕೇಳಿಸಿತು. ಆದರೆ ಡೈರಿಯ ಗದ್ದಲದಲ್ಲಿ ಎಲ್ಲರ ಮಾತೂ ಸೇರಿ ಮುದ್ದೆಯಾಗುತ್ತಿತ್ತು. ನಮ್ಮ ಮಾತು ಕೇಳಿಸದವರು ಅಧ್ಯಕ್ಷರಾಗಿ ಏಕಿರಬೇಕು ಎಂದು ಸದಸ್ಯರು ಪಟ್ಟು ಹಿಡಿದರು. ಇವರಿಗೋ ಆ ಕುರ್ಚಿ ಎಂದರೆ ಪ್ರಾಣ.

ಆಗ ಡಾಕ್ಟರು ಪ್ರಯೋಗಕ್ಕೆಂದು ಕೈಗೆ ಕಟ್ಟುವ ಒಂದು ಪಟ್ಟಿ ಕೊಟ್ಟರು. ಮಾತು ಏರಿಳಿದಂತೆ ಅದು ಚರ್ಮದ ಮೇಲೆ ಗುಂಯ್ ಎಂದು ನಡುಗುತ್ತದೆ. ಕಿವಿಗೆ ಬಂದದ್ದನ್ನೂ ಚರ್ಮಕ್ಕೆ ಬಂದದ್ದನ್ನೂ ಮೆದುಳು ಕೂಡಿಸಿಕೊಳ್ಳುತ್ತದಂತೆ. ಮಣಿಕಟ್ಟಿಗೆ ಕಟ್ಟಬೇಕು, ಬಳೆ ತೆಗೆಯಿರಿ ಎಂದರು. ಬಳೆ ಸದ್ದಾದರೆ ಪಟ್ಟಿ ಅದಕ್ಕೂ ನಡುಗುತ್ತದೆ.

‘ಗಂಡ ಗುಂಡುಕಲ್ಲಿನಂಗೆ ಕೂತವ್ರೆ, ಬಳೆ ತೆಗೀಬೇಕೇನಮ್ಮಾ?’ ಎಂದರು ಇವರು. ನಾನು ಬದುಕಿರುವುದನ್ನು ಇವರು ಅಷ್ಟು ಒತ್ತಿ ಹೇಳಿದ್ದು ಅದೇ ಮೊದಲು. ಕೊನೆಗೆ ಪಟ್ಟಿಯನ್ನು ಮೇಲೆ, ರವಿಕೆಯ ತೋಳಿನೊಳಗೆ ಕಟ್ಟಿದರು.

ಅಲ್ಲಿಯವರೆಗೆ ಸಂಘದ ಸಭೆಯಲ್ಲಿ ಇವರ ಕಿವಿ ಯಾರು? ನಾನು. ಪಕ್ಕದಲ್ಲೇ ಕೂತು ಸಾರಾಂಶ ಹೇಳುತ್ತಿದ್ದೆ. ಅಧ್ಯಕ್ಷರ ಮನಸ್ಸು ನೋಯಬಾರದಲ್ಲವೇ? ‘ಬೂಸಾ ಬೂಜು ಹಿಡಿದೈತೆ, ಹಸು ಮೂಸಲ್ಲ!’ ಎಂದು ಅಂಜಮ್ಮನವರು ಕೂಗಿದರೆ, ‘ಹಸುಗಳು ಚೆನ್ನಾಗವೆ ಅಂತಾರೆ’ ಎನ್ನುತ್ತಿದ್ದೆ. ಇವರು ನಗುತ್ತಾ ಕೈ ಮುಗಿಯುತ್ತಿದ್ದರು. ಅಂಜಮ್ಮನವರು ಇನ್ನೂ ಜೋರಾಗಿ ಕೂಗುತ್ತಿದ್ದರು. ಏಕೆಂದು ನನಗೆ ಇವತ್ತಿಗೂ ತಿಳಿಯದು.

ನಿನ್ನೆಯೂ ಅಂಜಮ್ಮನವರು ತೆಲುಗು ಬೆರೆಸಿ ಶುರುಮಾಡಿದರು: ‘ಬೂಸಾ ಅಂದ್ರೆ ಹಲ್ಲು ಬಿಡ್ತಾಳಲ್ಲೇ, ಏಂ ಮನಿಷಮ್ಮಾ!’

ನಾನು ಅಭ್ಯಾಸದಂತೆ, ‘ನಿನ್ ಸೀರೆ ಚೆನ್ನಾಗೈತಂತೆ’ ಎಂದೆ.

ಇವರು ನಗಲಿಲ್ಲ. ‘ಅಕ್ಕಾ, ಬೂಸಾ ವಿಷ್ಯ ಇವತ್ತಿನವರೆಗೂ ನನ್ನ ಹತ್ರ ಬಂದೇ ಇಲ್ಲ’ ಎಂದರು. ಹೆಂಗಸರೆಲ್ಲ ನನ್ನನ್ನೇ ನೋಡಿದರು. ಆಮೇಲೆ ಇವರು, ‘ರೀ, ಎದ್ದು ಆಚೆ ಕೂತ್ಕೊಳ್ಳಿ’ ಎಂದರು.

ಎದ್ದೆ. ವಿಜ್ಞಾನ ಮುಂದೆ ಬರಬೇಕಾದರೆ ಯಾರಾದರೂ ಜಾಗ ಬಿಡಬೇಕಲ್ಲವೇ? ಅಂಜಮ್ಮನವರು ಬಂದು ಆ ಜಾಗದಲ್ಲಿ ಕೂತರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಆಚೆಗೆ ನನಗೇನೂ ಕೇಳಿಸಲಿಲ್ಲ.

ಇಷ್ಟಾದರೂ ನನಗೆ ಮೈಕು ಕೊಟ್ಟ ಸಂಘಕ್ಕೂ, ಇಷ್ಟು ಹೊತ್ತು ಕೂತು ಕೇಳಿದ ನಿಮಗೂ ನಾನು ಋಣಿ. ಸೋಮವಾರ ಬೆಳಗ್ಗೆ ಹತ್ತಕ್ಕೆ ಡೈರಿಯಲ್ಲಿ ಸಂಘದ ಸಭೆ. ಮೊದಲು ಬೂಸಾ. ನಂತರ, ವೆಂಕಟರತ್ನಮ್ಮನವರು ಅಧ್ಯಕ್ಷರಾಗಿ ಮುಂದುವರಿಯಬೇಕೇ ಎಂಬುದು. ಕೈ ಎತ್ತಿ ತೀರ್ಮಾನ. ಸದಸ್ಯರಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ನಮಸ್ಕಾರ.