ಆಶ್ರಯದಾತನಿಗೆ ನಾಲ್ಕು ಪುಟ

ವೇದಿಕೆಯ ನಡುವೆ ವಿರಾಜಮಾನರಾಗಿರುವ ಅಧ್ಯಕ್ಷರಾದ ಶ್ರೀ ರಾನ್ಸನ್ ಅವರೇ, ಈ ಕೊಲ್ಲಿ ನಾಡಿನ ರಿಗ್ಗೈ, ಸಲ್ವಾ, ಖೈತಾನ್‌ಗಳಿಂದ ಶುಕ್ರವಾರದ ನಿದ್ರೆಯನ್ನು ತ್ಯಜಿಸಿ ಬಂದಿರುವ ಅತಿಥಿ ಮಹೋದಯರೇ, ಮಾತೆಯರೇ, ಪಕ್ಕದ ಊಟದ ಮೇಜಿನಿಂದ ಬರುತ್ತಿರುವ ಬಿರಿಯಾನಿಯ ಪರಿಮಳವನ್ನು ತಾಳಿಕೊಂಡು ನನ್ನತ್ತ ನೋಡುತ್ತಿರುವ ಸಹನಶೀಲ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಊರಿಗೆ ಮರಳಲಿರುವ ತನಿಯಪ್ಪನ ಗುಣಗಾನವನ್ನು ಐದು ಮಂದಿ ಮಾಡಿದಿರಿ. ನಾನಿನ್ನೂ ಬದುಕಿದ್ದೇನೆಂಬುದು ಅವರಲ್ಲಿ ಇಬ್ಬರಿಗೆ ಮಾತ್ರ ನೆನಪಿದ್ದಂತಿತ್ತು. ಈ ಗೌರವಕ್ಕೆ ನಾನು ಪಾತ್ರನೇ? ಅಲ್ಲ. ಇದು ವಿನಯವಲ್ಲ ಸಭಿಕರೇ, ಸತ್ಯ. ಏಕೆಂದು ವಿವರಿಸಲು ನಾಲ್ಕು ಶತಮಾನಗಳಷ್ಟು ಹಿಂದೆ ಹೋಗಬೇಕಾಗಿದೆ. ಭಯಪಡಬೇಡಿ, ಊಟದ ಹೊತ್ತಿಗೆ ಹಿಂದಿರುಗುತ್ತೇನೆ.

ಹಗಲೆಲ್ಲ ಸ್ನಾನಗೃಹದ ನಲ್ಲಿಗಳನ್ನು ಮಾರುವ ಕಂಪನಿಗೆ ಇಂಗ್ಲಿಷ್ ಪತ್ರ ಬರೆಯುವುದು ನನ್ನ ವೃತ್ತಿ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಹದಿನೇಳನೆಯ ಶತಮಾನದ ಆರಂಭದ ಯುರೋಪಿನ ಕವಿಗಳನ್ನು ಕನ್ನಡಕ್ಕೆ ತರುವುದು ನನ್ನ ವ್ಯಸನ. ಆ ಕಾಲವೇ ಏಕೆ? ಅಲ್ಲಿ ನಾನು ನನ್ನ ದಾಯಾದಿಗಳನ್ನು ಕಂಡೆ. ಸ್ಪೇನಿನ ಕೆಲವರು ಒಂದು ವಾಕ್ಯವನ್ನು ಎಷ್ಟು ತಿರುಚಬಹುದೋ ಅಷ್ಟೂ ತಿರುಚಿದರು. ನಮ್ಮ ಚಂಪೂ ಪಂಡಿತರು ಅದನ್ನು ಕಂಡಿದ್ದರೆ ಎದ್ದು ನಿಂತು ಕೈಮುಗಿಯುತ್ತಿದ್ದರು. ಇಂಗ್ಲೆಂಡಿನ ಪಾದ್ರಿ ಕವಿಗಳು ಮನೆಯವರೊಡನೆ ಜಗಳವಾಡುವಂತೆ ದೇವರೊಡನೆ ಜಗಳವಾಡಿದರು. ಎಲ್ಲಕ್ಕಿಂತ ನನ್ನನ್ನು ಸೆಳೆದದ್ದು ಇನ್ನೊಂದು ಸಂಗತಿ. ಇಲ್ಲಿ ನಮಗೆಲ್ಲ ಬೇಕಾದಂತೆ ಅವರಲ್ಲಿ ಬಹುಮಂದಿಗೂ ಆಶ್ರಯ ಕೊಡುವ ಧಣಿ, ಒಬ್ಬ ಕಫೀಲ್ ಬೇಕಾಗಿದ್ದ. ನಗಬೇಡಿ! ಪ್ರಭುವೊಬ್ಬನ ಆಶ್ರಯವಿಲ್ಲದೆ ಅವರಿಗೆ ಅನ್ನವಿರಲಿಲ್ಲ, ಸೂರಿರಲಿಲ್ಲ. ಆದ್ದರಿಂದ ಕಾವ್ಯದ ಮೊದಲಿಗೆ ಪುಟಗಟ್ಟಲೆ ಅರ್ಪಣೆ: ತಾವು ಸೂರ್ಯ, ನಾನು ಧೂಳು. ಇಷ್ಟೆಲ್ಲ ಬರೆದು, ಬೇಕಾದುದೇನು ಎಂಬುದನ್ನು ಮಾತ್ರ ನೇರವಾಗಿ ಹೇಳುತ್ತಿರಲಿಲ್ಲ.

ಪ್ರೇಮದಲ್ಲೂ ಅದೇ ಪದ್ಧತಿ. ಒಮ್ಮೆ ಒಂದು ಪ್ರೇಮಗೀತೆಯನ್ನು ನನ್ನ ಧರ್ಮಪತ್ನಿ ಕುಸುಮಾವತಿಗೆ ಓದಿ ಹೇಳಿದೆ. ನಾಯಿಕೆಯ ಕಣ್ಣು ಬೆಂಕಿ, ಹೃದಯ ಹಿಮ. ನಡುವೆ ಕವಿ ಬೇಯುತ್ತಲೂ ಇದ್ದಾನೆ, ಹೆಪ್ಪುಗಟ್ಟುತ್ತಲೂ ಇದ್ದಾನೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೇಳಿದಳು: "ಅಲ್ಲ, ಈ ಮನುಷ್ಯ ಅವಳ ಹತ್ರ ಊಟ ಆಯ್ತಾ ಅಂತ ಒಂದು ಸಲವಾದ್ರೂ ಕೇಳಿದ್ದಾನಾ?" ಕಾವ್ಯಸಂಪ್ರದಾಯದಲ್ಲಿ ನಾಯಿಕೆಯರು ಊಟ ಮಾಡುವುದಿಲ್ಲವೆಂದು ನಾನು ಗಂಭೀರವಾಗಿ ತಿಳಿಸಿದೆ.

ಈ ವ್ಯಸನದಲ್ಲಿ ನನಗೊಬ್ಬ ಸಹಭಾಗಿ ಇದ್ದರು, ಡೋಲ್ಫಿಯವರು. ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು. ಶುಕ್ರವಾರದ ಬಲಿಪೂಜೆ ಮುಗಿಸಿ ನೇರವಾಗಿ ರಿಗ್ಗೈಯ ನಮ್ಮ ಮನೆಗೆ ಬರುವರು. ಪಾದ್ರಿ ಕವಿಯ ಪಶ್ಚಾತ್ತಾಪ ನನಗೆ ಅರ್ಥವಾಗದಿದ್ದರೆ ಅವರು ಬಿಡಿಸಿ ಹೇಳುವರು. ಅವರಿಗೆ ನನ್ನ ಕನ್ನಡ ಅರ್ಥವಾಗದಿದ್ದರೆ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. "ಎಂತ ಮಾರಾಯ್ರೆ, ಇಷ್ಟು ಕಷ್ಟದ ಕನ್ನಡ ದೇವರಿಗಾದ್ರೂ ಗೊತ್ತಾಗ್ತದಾ?" ಎನ್ನುವರು. ಒಂದು ಪದಕ್ಕಾಗಿ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಕಾದಾಡಿದ್ದೇವೆ. ಇಡೀ ವಾರದಲ್ಲಿ ನಾನು ನಿಜವಾಗಿ ಬದುಕುತ್ತಿದ್ದುದು... ಇರಲಿ, ಅದು ವಿಷಯಾಂತರ.

ಹೀಗಿರುವಾಗ ನಮ್ಮ ಕಂಪನಿಯ ಕಾಗದಪತ್ರ ನೋಡುವವನು ಬಂದು, "ಚಾಚಾ, ವಯಸ್ಸಾಯ್ತು. ಈ ಸಲ ಇಕಾಮಾ ಖಲಾಸ್" ಎಂದನು. ಇಲ್ಲಿ ವಾಸಿಸುವ ಪರವಾನಗಿ ಇನ್ನು ಮುಂದುವರಿಯದು, ಊರಿಗೆ ಮರಳಬೇಕು ಎಂದರ್ಥ. ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ಪಂಡಿತನು ಬೇಡುವುದುಂಟೇ? ಆದರೆ ಡೋಲ್ಫಿಯವರಿಗೆ ತಿಳಿಸಬೇಕಲ್ಲ? ಆ ಕಾಲದ ಕವಿಗಳು ವಿದಾಯದ ಪದ್ಯಗಳಲ್ಲಿ ನಿಸ್ಸೀಮರು. ನಾನೂ ಒಂದನ್ನು ಸ್ವತಃ ರಚಿಸಿ, ಯಾರೋ ಹಳೆಯ ಕವಿಯ ಅನುವಾದವೆಂಬಂತೆ ಅವರ ಮುಂದೆ ಓದಿದೆ. ಅವರು ಕಣ್ಣೊರೆಸಿಕೊಳ್ಳುವರೆಂದು ಕಾದೆ. ಅವರು ಚಹಾ ಹೀರಿ ಹೇಳಿದರು: "ಯಾರು ಈ ಕವಿ? ಹೋಗುವವ ಹೋಗ್ಬೇಕಪ್ಪ. ಕಡಲು, ಹಡಗು, ಕಣ್ಣೀರು ಅಂತ ಎಷ್ಟು ಎಳೀತಾನೆ! ಅರ್ಧ ಕತ್ತರಿಸಿ."

ಕತ್ತರಿಸಿದೆ.

ಮರುವಾರ ಅಧ್ಯಕ್ಷರು ಈ ಸಮಾರಂಭದ ಆಮಂತ್ರಣವನ್ನು ವಾಟ್ಸಾಪಿಗೆ ಹಾಕಿದರು. ಡೋಲ್ಫಿಯವರ ಫೋನ್ ಬಂತು. "ನನ್ನ ಹತ್ರ ಹೇಳ್ಲಿಕ್ಕೆ ನಿಮಗೆ ಒಬ್ಬ ಕವಿ ಬೇಕಿತ್ತಾ?" ಎಂದಷ್ಟೇ ಕೇಳಿ ಇಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಶುಕ್ರವಾರಗಳು ಬಹಳ ಉದ್ದವಾಗಿವೆ.

ಇಷ್ಟಾದರೂ ನನಗೆ ಬುದ್ಧಿ ಬಂತೇ? ಇಲ್ಲ. ಅನುವಾದದ ಪುಸ್ತಕವನ್ನು ನನ್ನ ಕಫೀಲ್‌ಗೆ ಅರ್ಪಿಸಲು ನಿಶ್ಚಯಿಸಿದೆ. ಆ ಪುರಾತನರ ಮಾರ್ಗದಲ್ಲಿ ನಾಲ್ಕು ಪುಟ: ಮರುಭೂಮಿಯ ಕಲ್ಪವೃಕ್ಷನೇ, ಸಮಸ್ತ ನಲ್ಲಿಗಳ ಚಕ್ರವರ್ತಿಯೇ, ದಾನದಲ್ಲಿ ಕರ್ಣನ ಅಗ್ರಜನೇ! ನಿನ್ನೆ ಮಧ್ಯಾಹ್ನ ಅದನ್ನು ಕಫೀಲ್‌ನ ಮುಂದೆ ವಾಚಿಸಿದೆ. ನಮ್ಮ ಕಚೇರಿಯಲ್ಲಿ ಅರಬ್ಬಿ ಬಲ್ಲ ಊರಿನ ಹುಡುಗಿ ಮಿಸ್ರಿಯಾ ಸಾಲುಸಾಲಾಗಿ ಅರಬ್ಬಿಯಲ್ಲಿ ಹೇಳುತ್ತ ಹೋದಳು. ಮಧ್ಯೆ ಪಿಸುಗುಟ್ಟಿದಳು: "ಅಂಕಲ್, ಕಲ್ಪವೃಕ್ಷಕ್ಕೆ ಖರ್ಜೂರದ ಮರ ಅಂತ ಹೇಳಿದ್ದೇನೆ, ಸಾಕಲ್ಲ?"

ಎರಡನೆಯ ಪುಟದಲ್ಲಿ ಕಫೀಲ್ ಕೈ ಎತ್ತಿ ಏನೋ ಅಂದರು. ಮಿಸ್ರಿಯಾ ನನ್ನನ್ನು ನೋಡಿದಳು. "ಅಂಕಲ್, ಇದೆಲ್ಲ ಆಯ್ತು, ನಿಮಗೆ ಬೇಕಾದ್ದೆಂತ ಅಂತ ಕೇಳ್ತಿದ್ದಾರೆ."

ಸಭಿಕರೇ, ಇನ್ನೂ ಎರಡು ಪುಟ ಅಲಂಕಾರ ಕೈಯಲ್ಲಿದ್ದಾಗ ನನ್ನ ಬಾಯಿಂದ ಬಂದದ್ದು ಒಂದೇ ಪದ. "ಇಕಾಮಾ."

ಅವರು ಮೇಜು ಬಡಿದು ನಕ್ಕರು. ಮಿಸ್ರಿಯಾಳೂ ನಗುತ್ತಲೇ ತಿಳಿಸಿದಳು: "ಅಷ್ಟೇನಾ ಅಂತಾರೆ ಅಂಕಲ್. ಒಂದು ಮಾತು ಕೇಳಬಾರದಿತ್ತಾ, ಊರಿಗೆ ಹೋಗುವ ಆಸೆ ಇರಬೇಕು ಅಂತ ಸುಮ್ಮನಿದ್ದರಂತೆ. ಯಲ್ಲಾ, ಆಯ್ತು, ಮಾಡಿಸಿಕೊಡ್ತೇನೆ ಅಂತ ಹೇಳಿದ್ದಾರೆ. ಆ ನಾಲ್ಕು ಪುಟ ಮಾತ್ರ ಪುಸ್ತಕದಿಂದ ತೆಗೀಬೇಕಂತೆ. ಓದಿದವರೆಲ್ಲ ಇಕಾಮಾ ಕೇಳಿಕೊಂಡು ಬಂದಾರು ಅಂತ!"

ಆದ್ದರಿಂದ, ಮಹನೀಯರೇ, ನಾನು ಎಲ್ಲಿಗೂ ಹೋಗುತ್ತಿಲ್ಲ.

ರಾನ್ಸನ್ ಅವರೇ, ಕುರ್ಚಿಯಲ್ಲಿ ಹಾಗೆ ಜಾರಬೇಡಿ. ಶಾಲನ್ನು ಮಡಿಚಿ ಹಿಂದಿರುಗಿಸುತ್ತೇನೆ. ಹಾರವನ್ನು ಮನೆಯ ದೇವರು ಸ್ವೀಕರಿಸಲಿ; ಅವನಾದರೂ ಎಲ್ಲಿಗೂ ಹೋಗದವನು. ಹೊಗಳಿಕೆಯ ಮಾತುಗಳನ್ನು ಜೋಪಾನವಾಗಿಡಿ, ಮುಂದೊಂದು ದಿನ ಬೇಕಾದೀತು.

ನಿನ್ನೆ ಮನೆಗೆ ಹೋಗಿ ತಿಳಿಸಿದಾಗ ಕುಸುಮಾವತಿ, "ಮೊದ್ಲು ಡೋಲ್ಫಿಯವರಿಗೆ ಹೇಳಿ" ಎಂದಳು. ಫೋನ್ ಮಾಡಿದೆ, ಎತ್ತಲಿಲ್ಲ. ಅವಳು ಅವರ ಮನೆಯವರಾದ ಮೊಲ್ಲಿಬಾಯಿಗೆ ಫೋನ್ ಮಾಡಿದಳು. ಅದರ ಫಲವಾಗಿ ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ, ಒಬ್ಬರು ಕೈಕಟ್ಟಿ ಕುಳಿತಿದ್ದಾರೆ.

ಡೋಲ್ಫಿಯವರೇ, ಈ ಸಂದರ್ಭಕ್ಕೂ ಒಂದು ಪದ್ಯ ರಚಿಸಿ ತಂದಿದ್ದೇನೆ. ಜೇಬಿನಲ್ಲಿದೆ. ಅಲ್ಲೇ ಇರಲಿ. ನಿಮಗೆ ಊಟ ಆಯ್ತಾ? ಆಗದಿದ್ದರೆ ಇವತ್ತು ನನ್ನ ಪಕ್ಕದಲ್ಲಿ ಕೂತು ಮಾಡಿ. ಬರುವ ಶುಕ್ರವಾರ ಮನೆಗೆ ಬನ್ನಿ. ನೀವು ಬರದಿದ್ದರೆ ನನಗೆ ಈ ಇಕಾಮಾ ಯಾಕೆ ಮಾರಾಯ್ರೆ?

ಎದ್ದುಬಿಟ್ಟರಲ್ಲ... ಇಲ್ಲ, ಬಾಗಿಲಿನ ಕಡೆಗಲ್ಲ. ಊಟದ ಮೇಜಿನತ್ತ ಹೋಗುತ್ತಿದ್ದಾರೆ. ತಟ್ಟೆ ತೆಗೆದುಕೊಂಡರು. ಎರಡು ತೆಗೆದುಕೊಂಡರು.

ಸಭಿಕರೇ, ಇನ್ನೂ ಹೇಳುವುದು ಬಹಳವಿತ್ತು, ಆದರೆ ನನಗೆ ಕರೆ ಬಂದಿದೆ. ಹೋಗದವನನ್ನು ಇಷ್ಟು ಪ್ರೀತಿಯಿಂದ ಕಳುಹಿಸಿಕೊಟ್ಟ ನಿಮಗೆಲ್ಲರಿಗೂ ಕೃತಜ್ಞ. ನಮಸ್ಕಾರ.